ರುಮಾಲಿನೊಳಗಿನ ಕೂದಲು

ಬಳ್ಳಾರಿ ಬಿಸಿಲಿಗೆ ತಲೆ ಮೇಲೊಂದು ಬಟ್ಟೆ ಇಲ್ಲದೆ ದುಡಿಯೋಕಾಗಲ್ಲ. ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ, ಅಕ್ಕಿ ಗಿರಣಿಗಳಲ್ಲಿ, ಕುರುಗೋಡಿನ ಹೊಲಗಳಲ್ಲಿ ಹೆಣ್ಣಾಳು ಗಂಡಾಳು ಎಲ್ಲರೂ ಟವಲು ಸುತ್ತಿಕೊಳ್ಳುತ್ತಾರೆ. ಬಿಸಿಲಿಗೂ ಧೂಳಿಗೂ ಅದು ಬೇಕು. ಇದರಲ್ಲಿ ತಕರಾರಿಲ್ಲ. ನಮ್ಮ ತಕರಾರು ಕೇರಿಯ ಹಿರಿಯರ ರುಮಾಲಿನೊಳಗಿನ ಉದ್ದ ಕೂದಲಿನದು.

ಅದು ಹರಕೆಗೆ ಬಿಟ್ಟ ಕೂದಲಲ್ಲ. ಶೋಕಿಗೆ ಬೆಳೆಸಿದ್ದೂ ಅಲ್ಲ. ಊರಿನ ಕತ್ತರಿ ಕೇರಿಗೆ ಬರಲಿಲ್ಲ, ಕೂದಲು ಬೆಳೀತು, ಅಷ್ಟೆ. ಕೈಗೆ ಸಿಕ್ಕ ಕತ್ತರಿಯಲ್ಲಿ ಒಬ್ಬರಿಗೊಬ್ಬರು ಕತ್ತರಿಸಿಕೊಂಡರು. ಅದೂ ಆಗದಾಗ ರುಮಾಲು ಸುತ್ತಿ ಮುಚ್ಚಿಕೊಂಡರು. ಗೌಡನ ಕಟ್ಟೆ ಎದುರಿಗೆ ಬಂದಾಗ ಅದೇ ರುಮಾಲು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಳ್ಳಬೇಕಿತ್ತು. ಕೂದಲು ಬೆಳೆಯುವಂತೆ ಮಾಡಿದವರೂ ಅವರೇ, ಅದನ್ನು ಮುಚ್ಚಿದ ಬಟ್ಟೆ ಬಿಚ್ಚಿಸಿದವರೂ ಅವರೇ. ಹಂಗಾದ್ರೆ ಈ ತಲೆ ಯಾರದು?

ಈ ಕಾಯಿಲೆ ನಮ್ಮ ಸೀಮೆಯದಷ್ಟೇ ಅಲ್ಲ. 1928ರಲ್ಲಿ ಇಂದೋರ್ ಸೀಮೆಯ ಹಳ್ಳಿಗಳ ಸವರ್ಣೀಯರು ಬಲಾಯಿ ಜನರಿಗೆ ಜರಿ ಅಂಚಿನ ಪಗಡಿ ಸುತ್ತಕೂಡದು ಎಂದು ಕಟ್ಟಳೆ ಹಾಕಿದರು. ಒಪ್ಪದವರಿಗೆ ಬಾವಿ ನೀರು ಬಂದ್. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಇದನ್ನು ದಾಖಲಿಸಿದ್ದಾರೆ. ಒಂದು ಮೊಳ ಜರಿಗೂ ಜಾತಿ ಹೆದರುತ್ತೆ.

ಹೆಣ್ಣುಮಕ್ಕಳ ಕಥೆ ಇನ್ನೂ ಘೋರ. ಎಣ್ಣೆ ನೀರು ಕಾಣದ ಕೂದಲು ಗಂಟುಗಟ್ಟಿದರೆ ಎಲ್ಲಮ್ಮನ ಜಡೆ ಅಂದರು. ಅರಿಶಿನ ಹಚ್ಚಿದರು, ಮುತ್ತು ಕಟ್ಟಿದರು. ಬಳ್ಳಾರಿ ಮದರಾಸಿಗೆ ಸೇರಿದ್ದಾಗಲೇ, 1947ರಲ್ಲಿ, ದೇವದಾಸಿ ಬಿಡುವುದಕ್ಕೆ ನಿಷೇಧ ಬಂತು. 1982ರಲ್ಲಿ ಕರ್ನಾಟಕವೂ ಕಾಯಿದೆ ಮಾಡಿತು. ಅಪ್ಪನ ಕೂದಲಿಗೆ ಕತ್ತರಿ ಕೊಡಲಿಲ್ಲ, ಅಕ್ಕನ ಜಡೆಗೆ ಕತ್ತರಿ ಹಾಕಗೊಡಲಿಲ್ಲ. ಎರಡನ್ನೂ ಬಟ್ಟೆಯಲ್ಲಿ ಮುಚ್ಚಿಕೊಂಡು ಬದುಕಿದೆವು.

ಕತ್ತರಿಯ ಬಗ್ಗೆಯೂ ಕಾಯಿದೆ ಐತಿ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ, 1976ರಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ. ಅದರಲ್ಲಿ 'ಅಂಗಡಿ' ಎಂದರೆ ಕ್ಷೌರದ ಅಂಗಡಿಯೂ ಸೇರಿ. ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸಿದರೆ 1ರಿಂದ 6 ತಿಂಗಳ ಜೈಲು, ಮೇಲೆ ದಂಡ. ಆದರೂ 2024ರ ಆಗಸ್ಟಿನಲ್ಲಿ ಪಕ್ಕದ ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲೂಕಿನಲ್ಲಿ, ಕ್ಷೌರದಂಗಡಿಯ ಜಗಳದಲ್ಲಿ ದಲಿತ ಯುವಕನೊಬ್ಬನ ಕೊಲೆಯಾಯಿತು.

ಕ್ಷೌರಿಕನೇ ನಮ್ಮ ಶತ್ರು ಅಂತ ತಿಳಿಯಬೇಡಿ. ಹಡಪದ ಅಪ್ಪಣ್ಣನ ಹೆಸರು ಹೇಳುವ ಜನ ಅವರು. ನಮ್ಮಂತೆಯೇ ಸುಗ್ಗಿಯಲ್ಲಿ ಆಯದ ಕಾಳಿಗೆ ಗೌಡನ ಕಣದಲ್ಲಿ ಕಾದವರು. 'ಅವರಿಗೆ ಮಾಡಿದ್ರೆ ನಮಗೆ ಬೇಡ' ಎಂದು ಊರು ಹೆದರಿಸುತ್ತೆ, ಅವನು ಬಾಗಿಲು ಹಾಕುತ್ತಾನೆ. ಕತ್ತರಿ ಅವನ ಕೈಯಲ್ಲಿದ್ದರೂ ಹಿಡಿಕೆ ಬೇರೆಯವರ ಹತ್ತಿರ.

ಹಾಸ್ಟೆಲಿನ ಗೆಳೆಯರೇ, ರಜೆಗೆ ಹೋಗುವ ಮುಂಚೆ ಬಳ್ಳಾರಿಯಲ್ಲೇ ಕಟಿಂಗ್ ಮುಗಿಸೋದು ಸುಲಭ. ಇಲ್ಲಿ ಜಾತಿ ಕೇಳಲ್ಲ, ದುಡ್ಡು ಕೇಳ್ತಾರೆ. ಆದರೆ ಅಪ್ಪನ ತಲೆ ಊರಲ್ಲೇ ಉಳೀತಲ್ಲ? ಇದು ತಪ್ಪಿಸಿಕೊಳ್ಳೋದಾಯ್ತು, ಬಿಡುಗಡೆ ಆಗಲಿಲ್ಲ. ಈ ಬೇಸಿಗೆಗೆ ಕೂದಲು ಬಿಟ್ಟುಕೊಂಡೇ ಹೋಗೋಣ. ಅಪ್ಪ, ಚಿಕ್ಕಪ್ಪರನ್ನು ಕರೆದುಕೊಂಡು ಊರಿನ ಅಂಗಡಿಯ ಕುರ್ಚಿ ಮೇಲೆ ಕೂರೋಣ. ಕೂಲಿ ನಿಲ್ಲಿಸ್ತಾರೆ ಅನ್ನೋ ಹೆದರಿಕೆ ಅಪ್ಪನಿಗಿದೆ. ಅದು ಸುಳ್ಳು ಹೆದರಿಕೆಯಲ್ಲ, ಅದಕ್ಕೇ ಯಾರೂ ಒಬ್ಬರೇ ಹೋಗಬಾರದು. ಕೇರಿಯೆಲ್ಲ ಮೊದಲು ಕೂತು ಮಾತಾಡಬೇಕು. ಅಂಗಡಿಯವ ಇಲ್ಲ ಅಂದರೆ ಕೈ ಎತ್ತೋದು ಬೇಡ. ತಾರೀಖು ಬರೆದುಕೊಳ್ಳೋಣ, ಠಾಣೆಗೂ ತಹಶೀಲ್ದಾರರಿಗೂ ಅರ್ಜಿ ಕೊಡೋಣ, ಮರುದಿನ ಮತ್ತೆ ಹೋಗೋಣ.

ಆಮೇಲೆ ಅಪ್ಪ ಉದ್ದ ಕೂದಲು ಬಿಡಲಿ, ಬೋಳಿಸಲಿ, ರುಮಾಲು ಸುತ್ತಲಿ, ಅವನಿಷ್ಟ. ಬಿಸಿಲಿಗೆ ಸುತ್ತಿದ ಬಟ್ಟೆ ಬಿಸಿಲು ಇಳಿದಾಗ ಬಿಚ್ಚಲಿ, ಗೌಡನ್ನ ಕಂಡಾಗ ಅಲ್ಲ.