ಸೂಜಿಗೆ ಮೊದಲು ಫ್ರಿಜ್ ನೋಡಿ

ಮೆಡಿಕಲ್ ಸ್ಟೋರಿನಲ್ಲೇ ಲಸಿಕೆ ಹಾಕಲು ಕಾನೂನು ಒಪ್ಪಿದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಹಳ್ಳಿಗರಿಗೆ ಅಲೆದಾಟ ತಪ್ಪುತ್ತದೆ ಎಂಬ ಲೇಖನ ಓದಿದೆ. ಲೇಖಕರು ಹೇಳಿದಂತೆ ಇಂಗ್ಲೆಂಡಿನಲ್ಲಿ 2015ರಿಂದ ಫಾರ್ಮಸಿಸ್ಟರು ಸರ್ಕಾರಿ ಯೋಜನೆಯಡಿ ಫ್ಲೂ ಲಸಿಕೆ ಹಾಕುತ್ತಿರುವುದು ನಿಜ. ಆದರೆ ಅವರಿಗೆ ತರಬೇತಿ ಇದೆ, ಅಲರ್ಜಿಯಾದರೆ ಕೊಡಲು ಅಡ್ರಿನಲಿನ್ ಪಕ್ಕದಲ್ಲೇ ಇರುತ್ತದೆ. ಲೇಖಕರು ಹಣ್ಣು ಕಿತ್ತು ತಂದು ಬೇರನ್ನು ಅಲ್ಲೇ ಬಿಟ್ಟಿದ್ದಾರೆ.

ವೈದ್ಯರ ಚೀಟಿಗೆ ಔಷಧಿ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟರು ಎನ್ನುತ್ತದೆ 1948ರ ನಮ್ಮ ಫಾರ್ಮಸಿ ಕಾಯ್ದೆ. ಎಷ್ಟೋ ಅಂಗಡಿಗಳಲ್ಲಿ ಗೋಡೆಯ ಮೇಲೆ ಸರ್ಟಿಫಿಕೇಟು, ಕೌಂಟರಿನಲ್ಲಿ ಪಿಯುಸಿ ಮುಗಿಸಿದ ಹುಡುಗ. ನಾಳೆ ಸೂಜಿ ಹಿಡಿಯುವವರು ಯಾರು? ಲಸಿಕೆಗೆ 2ರಿಂದ 8 ಡಿಗ್ರಿ ತಂಪು ಬೇಕು. ರಾತ್ರಿ ಕರೆಂಟು ಹೋದರೆ, ಫ್ರಿಜ್ಜಿನಲ್ಲಿ ಮಜ್ಜಿಗೆ ಪ್ಯಾಕೆಟ್ಟಿನ ಪಕ್ಕ ಇಟ್ಟ ಬಾಟಲಿಯ ಜವಾಬ್ದಾರಿ ಯಾರದು?

ನಾಯಿ ಕಡಿತವನ್ನೇ ನೋಡಿ. ಗಾಯ ಆಳವಾಗಿದ್ದರೆ ಲಸಿಕೆಯೊಂದೇ ಸಾಲದು, ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೊಡಬೇಕು. ಗಾಯ ಎಂಥದ್ದೆಂದು ನಿರ್ಧರಿಸುವುದು ಬಿಲ್ ಹಾಕಿದಷ್ಟು ಸುಲಭವಲ್ಲ. ಅದೇ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಅಂಗಡಿಯಲ್ಲಿ ಕಾಸು.

ಲೇಖಕರ ಒಂದು ಮಾತು ಮಾತ್ರ ಸರಿ: ನಾಯಿ ಕಡಿತದ ಲಸಿಕೆಗೆ 0, 3, 7, 28ನೇ ದಿನವೆಂದು ನಾಲ್ಕು ಸಲ ತಾಲ್ಲೂಕು ಆಸ್ಪತ್ರೆಗೆ ಬರುವ ಕಬ್ಬು ಕಡಿಯುವ ಆಳು ನಾಲ್ಕು ದಿನದ ಕೂಲಿ ಕಳೆದುಕೊಳ್ಳುತ್ತಾನೆ. ಆದರೆ ಇದಕ್ಕೆ ಮದ್ದು ಅಂಗಡಿಯಲ್ಲಿಲ್ಲ. ಊರ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಂಜೆಯೂ ಲಸಿಕೆ ಸಿಗಲಿ, ಸಿಸ್ಟರ್ ಹುದ್ದೆ ಖಾಲಿ ಬೀಳದಿರಲಿ. ಕೈ ಪಳಗಿದವರು ಅಲ್ಲೇ ಇದ್ದಾರೆ.