ಖಿನ್ನತೆಗೆ ಕೆಟಮಿನ್: ಯಾವ ಮಾರ್ಗ, ಯಾರ ಸಮ್ಮುಖ?

ನಮ್ಮ ಜನರಲ್ಲಿ ಗಟ್ಟಿಯಾದ ಒಂದು ನಂಬಿಕೆಯಿದೆ. ಡ್ರಿಪ್ ಎಂದರೆ ಬಹಳ ಬಲವಾದದ್ದು, ಇಂಜೆಕ್ಷನ್ ಅದಕ್ಕಿಂತ ಸ್ವಲ್ಪ ಕಡಿಮೆ, ಮಾತ್ರೆ ಎಂದರೆ ಸೌಮ್ಯವಾದದ್ದು, ಅದನ್ನು ಮನೆಯಲ್ಲೇ ನುಂಗಿದರಾಯಿತು. ಇದು ತಪ್ಪೆಂದು ವೈದ್ಯರು ಹೇಳುತ್ತಲೇ ಬಂದಿದ್ದೇವೆ. ಆದರೆ ಖಿನ್ನತೆಯ ಚಿಕಿತ್ಸೆಯಲ್ಲಿ ಈಗ ಹೆಸರು ಮಾಡಿರುವ ಕೆಟಮಿನ್ ಎಂಬ ಔಷಧಿಯ ವಿಷಯದಲ್ಲಿ ಈ ನಂಬಿಕೆ ಪ್ರಾಣಕ್ಕೇ ಸಂಚಕಾರ ತರಬಲ್ಲದು.

ಅಮೆರಿಕದಲ್ಲಿರುವ ಮಗನೋ ಮಗಳೋ ಈ ಚಿಕಿತ್ಸೆ ಪಡೆಯುತ್ತಿದ್ದಾರೆಂದು ತಿಳಿದು ಗಾಬರಿಯಾದ ತಂದೆ ತಾಯಿಯರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ಅದು ಮತ್ತು ಬರಿಸುವ ಔಷಧಿಯಲ್ಲವೇ? ನಮ್ಮಲ್ಲಿಯೂ ಸಿಗುತ್ತದೆಯೇ? ಮಾತ್ರೆಯ ರೂಪದಲ್ಲಿ ಮನೆಯಲ್ಲೇ ತೆಗೆದುಕೊಳ್ಳಬಹುದೇ? ಈ ಮೂರರಲ್ಲಿ ಕೊನೆಯದೇ ಎಲ್ಲಕ್ಕಿಂತ ಮುಖ್ಯ.

ಹಳೆಯ ಔಷಧಿ, ಹೊಸ ಉಪಯೋಗ

ಕೆಟಮಿನ್ ಹೊಸದಲ್ಲ. 1962ರಲ್ಲಿ ಅಮೆರಿಕದಲ್ಲಿ ತಯಾರಾಯಿತು. 1970ರಲ್ಲಿ ಅರಿವಳಿಕೆಯಾಗಿ ಮಂಜೂರಾತಿ ಪಡೆಯಿತು. ಉಸಿರಾಟವನ್ನು ಅಷ್ಟಾಗಿ ಕುಗ್ಗಿಸದೆ, ರಕ್ತದ ಒತ್ತಡವನ್ನು ಇಳಿಸದೆ ನೋವನ್ನು ಮರೆಸುವ ಗುಣದಿಂದಾಗಿ ಯುದ್ಧಭೂಮಿಯಿಂದ ಹಿಡಿದು ಸಣ್ಣ ಆಸ್ಪತ್ರೆಗಳವರೆಗೆ ಬಳಕೆಗೆ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿ ಇದು ದಶಕಗಳಿಂದ ಇದೆ. ಕಡಿಮೆ ಪ್ರಮಾಣದಲ್ಲಿ ಕೊಟ್ಟಾಗ ರೋಗಿ ಎಚ್ಚರವಾಗಿಯೇ ಇರುತ್ತಾನೆ. ಆದರೆ ತನ್ನ ದೇಹದಿಂದಲೇ ತಾನು ದೂರ ಸರಿದಂತೆ, ತೇಲಿದಂತೆ ಅವನಿಗೆ ಅನ್ನಿಸುತ್ತದೆ.

2000ದಲ್ಲಿ ಯೇಲ್ ವಿಶ್ವವಿದ್ಯಾಲಯದ ವೈದ್ಯರು ಖಿನ್ನತೆಯ ಕೆಲವೇ ರೋಗಿಗಳಿಗೆ ದೇಹತೂಕದ ಪ್ರತಿ ಕಿಲೋಗೆ ಅರ್ಧ ಮಿಲಿಗ್ರಾಂನಂತೆ, 40 ನಿಮಿಷಗಳ ಕಾಲ, ರಕ್ತನಾಳದ ಮೂಲಕ ಇದನ್ನು ಹನಿಹನಿಯಾಗಿ ಕೊಟ್ಟ ಫಲಿತಾಂಶ ಪ್ರಕಟವಾಯಿತು. 2006ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ, ಬೇರೆ ಔಷಧಿಗಳಿಂದ ಗುಣ ಕಾಣದ 18 ಮಂದಿಯ ಮೇಲೆ ಪರೀಕ್ಷಿಸಿತು. ಎರಡು ಗಂಟೆಯೊಳಗೇ ಸುಧಾರಣೆ ಕಾಣಿಸಿತು. ಖಿನ್ನತೆಯ ಸಾಮಾನ್ಯ ಮಾತ್ರೆಗಳು ಕೆಲಸ ಮಾಡಲು ವಾರಗಟ್ಟಲೆ ಬೇಕಾಗುವಾಗ ಇದು ದೊಡ್ಡ ಸುದ್ದಿಯೇ ಸರಿ. ಆದರೆ ಆ ಸುಧಾರಣೆ ಒಂದು ವಾರ ಉಳಿದದ್ದು ಸುಮಾರು ಮೂರನೇ ಒಂದು ಭಾಗದಷ್ಟು ಜನರಲ್ಲಿ ಮಾತ್ರ. ಈ ಎರಡನೆಯ ಮಾತನ್ನು ಜಾಹೀರಾತುಗಳು ಹೇಳುವುದಿಲ್ಲ.

ಐದು ಮಾರ್ಗಗಳು

ರಕ್ತನಾಳದ ಮೂಲಕ ಕೊಟ್ಟಾಗ ಔಷಧಿ ಪೂರ್ತಿಯಾಗಿ ರಕ್ತಕ್ಕೆ ಸೇರುತ್ತದೆ. ಎಷ್ಟು ಸೇರುತ್ತಿದೆ ಎಂಬ ಲೆಕ್ಕ ವೈದ್ಯರ ಕೈಯಲ್ಲಿರುತ್ತದೆ. ರೋಗಿ ಗಾಬರಿಗೊಂಡರೆ, ಒತ್ತಡ ಏರಿದರೆ ಡ್ರಿಪ್ಪನ್ನು ನಿಲ್ಲಿಸಿದರಾಯಿತು. ಉಳಿದ ಯಾವ ಮಾರ್ಗಕ್ಕೂ ಈ ಅನುಕೂಲವಿಲ್ಲ.

ಸ್ನಾಯುವಿಗೆ ಚುಚ್ಚಿದರೆ ನೂರರಲ್ಲಿ 90 ಪಾಲಿಗಿಂತ ಹೆಚ್ಚು ರಕ್ತ ಸೇರುತ್ತದೆ. ಸಲಕರಣೆ ಕಡಿಮೆ ಸಾಕು. ಆದರೆ ಚುಚ್ಚಿದ್ದನ್ನು ಹಿಂದಕ್ಕೆ ತೆಗೆಯಲಾಗದು. ಆಸ್ಟ್ರೇಲಿಯಾದ ವೈದ್ಯರು ಚರ್ಮದ ಕೆಳಗೆ ಚುಚ್ಚುವ ವಿಧಾನವನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದರು. ವಾರಕ್ಕೆ ಎರಡರಂತೆ ನಾಲ್ಕು ವಾರ, ರೋಗಿಗೆ ತಕ್ಕಂತೆ ಪ್ರಮಾಣ ಹೊಂದಿಸಿ ಕೊಟ್ಟಾಗ ಐವರಲ್ಲಿ ಒಬ್ಬರಷ್ಟು ರೋಗಿಗಳು ಖಿನ್ನತೆಯಿಂದ ಹೊರಬಂದರು. ಹೋಲಿಕೆಗಾಗಿ ಬೇರೆ ಔಷಧಿ ಪಡೆದವರಲ್ಲಿ ಹಾಗೆ ಹೊರಬಂದವರು ನೂರಕ್ಕೆ ಇಬ್ಬರು ಮಾತ್ರ.

ಮೂಗಿಗೆ ಸಿಂಪಡಿಸುವುದು ಮೂರನೆಯ ಮಾರ್ಗ. ಕೆಟಮಿನ್‌ನ ಒಂದು ರೂಪವಾದ ಎಸ್‌ಕೆಟಮಿನ್ ಸ್ಪ್ರೇಗೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಸ್ಪ್ರೇ ಎಂದಾಕ್ಷಣ ಶೀತಕ್ಕೆ ಹಾಕುವ ಹನಿಯಂತೆ ಮನೆಗೆ ಒಯ್ಯುವುದು ಎಂದು ಭಾವಿಸಬೇಡಿ. ಅದನ್ನು ಚಿಕಿತ್ಸಾ ಕೇಂದ್ರದಲ್ಲೇ ಬಳಸಬೇಕು. ಬಳಸಿದ ಮೇಲೆ ಕನಿಷ್ಠ ಎರಡು ಗಂಟೆ ಅಲ್ಲೇ ಕುಳಿತಿರಬೇಕು. ಮಾರನೆಯ ದಿನದವರೆಗೆ ವಾಹನ ಓಡಿಸುವಂತಿಲ್ಲ.

ನಾಲಿಗೆಯ ಕೆಳಗೆ ಕರಗಿಸುವುದು ಮತ್ತು ನುಂಗುವುದು ಉಳಿದೆರಡು. ನುಂಗಿದ ಔಷಧಿಯ ಬಹುಭಾಗವನ್ನು ಯಕೃತ್ತು ದಾರಿಯಲ್ಲೇ ಬದಲಾಯಿಸಿಬಿಡುತ್ತದೆ. ಸುಮಾರು ಐದನೇ ಒಂದು ಪಾಲು ಮಾತ್ರ ಹಾಗೆಯೇ ರಕ್ತಕ್ಕೆ ದಕ್ಕುತ್ತದೆ. ಆ ಪಾಲು ಕೂಡ ಎಲ್ಲರಲ್ಲೂ ಒಂದೇ ಸಮನಲ್ಲ. ಪರಿಣಾಮ ನಿಧಾನವಾಗಿ ಆರಂಭವಾಗುತ್ತದೆ. 'ಏನೂ ಆಗಲಿಲ್ಲವಲ್ಲ' ಎಂದು ರೋಗಿ ಇನ್ನೊಂದನ್ನು ಬಾಯಿಗೆ ಹಾಕಿಕೊಳ್ಳುವುದು ಇಂಥ ವೇಳೆಯಲ್ಲೇ.

ಮನೆಗೆ ಬಂದ ಮಾತ್ರೆ

2020ರಲ್ಲಿ ಕೋವಿಡ್ ಕಾರಣದಿಂದ ಅಮೆರಿಕದಲ್ಲಿ ನಿಯಮ ಸಡಿಲಗೊಂಡು, ರೋಗಿಯನ್ನು ಮುಖತಃ ನೋಡದೆ ದೂರದಿಂದಲೇ ಇಂಥ ಔಷಧಿಗಳನ್ನು ಬರೆದುಕೊಡಲು ಅವಕಾಶವಾಯಿತು. ಕೆಟಮಿನ್ ಮಾತ್ರೆಗಳು ಅಂಚೆಯಲ್ಲಿ ಮನೆ ಬಾಗಿಲಿಗೆ ಬರತೊಡಗಿದವು. 2023ರ ಅಕ್ಟೋಬರ್‌ನಲ್ಲಿ ಅಲ್ಲಿನ ಔಷಧಿ ನಿಯಂತ್ರಣ ಇಲಾಖೆಯೇ ಎಚ್ಚರಿಕೆ ಹೊರಡಿಸಬೇಕಾಯಿತು. ಮನೆಯಲ್ಲಿ ಬಾಯಿಯ ಮೂಲಕ ಕೆಟಮಿನ್ ತೆಗೆದುಕೊಂಡ ಒಬ್ಬ ರೋಗಿಯ ಉಸಿರಾಟ ಕುಗ್ಗಿತ್ತು. ರಕ್ತದಲ್ಲಿ ಔಷಧಿಯ ಮಟ್ಟ ಶಸ್ತ್ರಚಿಕಿತ್ಸೆಯ ಅರಿವಳಿಕೆಗೆ ಬೇಕಾದುದರ ಎರಡರಷ್ಟಿತ್ತು. ಇದು 'ಸೌಮ್ಯ'ವಾದ ಮಾತ್ರೆಯ ಕಥೆ!

ಅದೇ ತಿಂಗಳು ಹಾಲಿವುಡ್ ನಟ ಮ್ಯಾಥ್ಯೂ ಪೆರಿ ತಮ್ಮ ಮನೆಯ ಬಿಸಿನೀರಿನ ತೊಟ್ಟಿಯಲ್ಲಿ ತೀರಿಕೊಂಡರು. ಸಾವಿಗೆ ಮುಖ್ಯ ಕಾರಣ ಕೆಟಮಿನ್ ಎಂದು ಮರಣೋತ್ತರ ಪರೀಕ್ಷೆ ಹೇಳಿತು. ಅವರು ಕೇಂದ್ರವೊಂದರಲ್ಲಿ ಇದೇ ಚಿಕಿತ್ಸೆ ಪಡೆಯುತ್ತಿದ್ದುದು ನಿಜ. ಆದರೆ ಆ ಚಿಕಿತ್ಸೆ ಮುಗಿದು ವಾರದ ಮೇಲಾಗಿತ್ತು. ಪ್ರಾಣ ತೆಗೆದದ್ದು ಅದಲ್ಲ, ಕೇಂದ್ರದ ಹೊರಗೆ ದೊರೆತ ಕೆಟಮಿನ್. ಮೇಲ್ವಿಚಾರಣೆ ಇಲ್ಲದ ಕಡೆ ಇದೇ ಔಷಧಿ ಎಂಥ ಅನಾಹುತ ಮಾಡೀತು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಇದರ ಚಟ ಹತ್ತಿದವರಲ್ಲಿ ಮೂತ್ರಕೋಶ ಹುಣ್ಣಾಗಿ ಕುಗ್ಗಿಹೋಗುವುದೂ ಉಂಟು.

ಜತೆಯಲ್ಲಿರುವವರೂ ಚಿಕಿತ್ಸೆಯೇ

ಕೆಟಮಿನ್ ಜತೆಗೆ ಮನಶ್ಚಿಕಿತ್ಸೆಯನ್ನು ಸೇರಿಸುವ ಪ್ರಯೋಗಗಳೂ ಹೊಸವಲ್ಲ. 1980ರ ದಶಕದಲ್ಲೇ ಲೆನಿನ್‌ಗ್ರಾಡ್‌ನಲ್ಲಿ ಡಾ. ಕ್ರುಪಿಟ್ಸ್ಕಿ ಕುಡಿತದ ಚಟವುಳ್ಳವರಿಗೆ ಸ್ನಾಯುವಿನ ಮೂಲಕ ಕೆಟಮಿನ್ ಕೊಟ್ಟು, ಮೊದಲು ಮತ್ತು ಅನಂತರ ಮಾತುಕತೆ ನಡೆಸುವ ಪದ್ಧತಿ ಆರಂಭಿಸಿದ್ದರು. 2022ರಲ್ಲಿ ಬ್ರಿಟನ್ನಿನಲ್ಲಿ 96 ಮದ್ಯವ್ಯಸನಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಕೆಟಮಿನ್ ಡ್ರಿಪ್ ಪಡೆದವರು ಬರಿಯ ಉಪ್ಪುನೀರಿನ ಡ್ರಿಪ್ ಪಡೆದವರಿಗಿಂತ ಹೆಚ್ಚು ದಿನ ಕುಡಿಯದೆ ಇದ್ದರು. ಅವರಲ್ಲೂ ಮನಶ್ಚಿಕಿತ್ಸೆಯೂ ಸೇರಿದವರ ಫಲಿತಾಂಶ ಎಲ್ಲಕ್ಕಿಂತ ಚೆನ್ನಾಗಿತ್ತು.

ಇನ್ನೊಂದು ಕುತೂಹಲಕರ ಅಧ್ಯಯನ ಸ್ಟ್ಯಾನ್‌ಫರ್ಡ್‌ನದು, 2023ರದು. ಶಸ್ತ್ರಚಿಕಿತ್ಸೆಗೆ ಬಂದಿದ್ದ, ಖಿನ್ನತೆಯೂ ಇದ್ದ 40 ಮಂದಿಗೆ ಅರಿವಳಿಕೆಯಲ್ಲಿ ಮಲಗಿದ್ದಾಗ ಕೆಲವರಿಗೆ ಕೆಟಮಿನ್, ಉಳಿದವರಿಗೆ ಉಪ್ಪುನೀರು ಕೊಟ್ಟರು. ಎರಡೂ ಗುಂಪುಗಳಲ್ಲಿ ಬಹಳ ಮಂದಿಯ ಖಿನ್ನತೆ ತಗ್ಗಿತು. ಗುಂಪುಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ! ಒಂದೇ ಅಧ್ಯಯನದಿಂದ ಔಷಧಿಯನ್ನು ತಳ್ಳಿಹಾಕಲಾಗದು. ಆದರೆ ರೋಗಿಯ ಭರವಸೆ, ತನ್ನನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂಬ ಅರಿವು ಸಹ ಗುಣಪಡಿಸುವಲ್ಲಿ ಪಾಲು ಪಡೆಯುತ್ತವೆ ಎಂದು ನನಗೆ ಅನ್ನಿಸುತ್ತದೆ. ಹಾಗಿರುವಾಗ ಒಬ್ಬಂಟಿಯಾಗಿ ಮಲಗುವ ಕೋಣೆಯಲ್ಲಿ ಮಾತ್ರೆ ಕರಗಿಸಿಕೊಳ್ಳುವ ರೋಗಿಗೆ ಅಪಾಯವೆಲ್ಲ ಸಿಕ್ಕಿತು, ಆಸರೆ ಮಾತ್ರ ಸಿಗಲಿಲ್ಲ.

ಮನೆಯವರು ಕೇಳಬೇಕಾದದ್ದು

ನಮ್ಮ ದೇಶದಲ್ಲಿಯೂ ಕೆಲವು ಮನೋವೈದ್ಯಕೀಯ ಕೇಂದ್ರಗಳು ಆಯ್ದ ರೋಗಿಗಳಿಗೆ ಕೆಟಮಿನ್ ಕೊಡುತ್ತಿವೆ. 2013ರಿಂದ ಇದು ಶೆಡ್ಯೂಲ್ ಎಕ್ಸ್ ಪಟ್ಟಿಯಲ್ಲಿದೆ. ವೈದ್ಯರ ಚೀಟಿ ಎರಡು ಪ್ರತಿ ಬೇಕು, ಒಂದು ಪ್ರತಿಯನ್ನು ಅಂಗಡಿಯವರು ಕಾದಿಡಬೇಕು. ಈ ಬಿಗಿಯನ್ನು ಕೆಲವರು ಕಿರುಕುಳ ಎನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಬೇಕಾದದ್ದೇ.

ನಿಮ್ಮ ಮನೆಯವರಿಗೆ, ಇಲ್ಲಾಗಲಿ ವಿದೇಶದಲ್ಲಾಗಲಿ, ಈ ಚಿಕಿತ್ಸೆಯ ಸಲಹೆ ಬಂದರೆ ಹೆದರಬೇಡಿ, ಹಿಗ್ಗಲೂ ಬೇಡಿ. ಇಷ್ಟನ್ನು ಕೇಳಿ. ಬೇರೆ ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ದಿನ ಕೊಟ್ಟು ನೋಡಿದ್ದಾರೆಯೇ? ಕೊಡುವವರು ಮನೋವೈದ್ಯರೇ? ರಕ್ತದ ಒತ್ತಡವನ್ನು ಯಾರು ನೋಡುತ್ತಾರೆ, ಉಸಿರು ಕುಗ್ಗಿದರೆ ನಿಭಾಯಿಸುವವರು ಯಾರು? ಕೊಟ್ಟ ಮೇಲೆ ಎಷ್ಟು ಹೊತ್ತು ಇಟ್ಟುಕೊಳ್ಳುತ್ತಾರೆ? ಮುಂದಿನ ವಾರಗಳಲ್ಲಿ ಮಾತುಕತೆ ಯಾರೊಡನೆ? ಹತೋಟಿಗೆ ಬಾರದ ರಕ್ತದ ಒತ್ತಡ, ಹಿಂದೆ ಬಂದ ಚಿತ್ತಭ್ರಮೆ, ಗರ್ಭ, ಕುಡಿತ ಅಥವಾ ಮಾದಕ ವಸ್ತುಗಳ ಚಟ ಇದ್ದರೆ ಮುಚ್ಚಿಡದೆ ಹೇಳಿ. ಬಂದ ಉತ್ತರ 'ಮಾತ್ರೆ ಕಳಿಸುತ್ತೇವೆ, ಮನೆಯಲ್ಲೇ ತೆಗೆದುಕೊಳ್ಳಿ' ಎಂಬುದಾದರೆ, ಬೇಡವೆನ್ನಿ.

ಡ್ರಿಪ್ಪೋ, ಸೂಜಿಯೋ, ಸ್ಪ್ರೇಯೋ ಎಂಬುದನ್ನು ಮನೋವೈದ್ಯರು ನಿರ್ಧರಿಸಲಿ. ಪಕ್ಕದಲ್ಲಿ ಬಲ್ಲವರೊಬ್ಬರು ಕುಳಿತಿರಬೇಕು ಎಂಬುದನ್ನು ಮಾತ್ರ ನೀವು ಬಿಟ್ಟುಕೊಡಬೇಡಿ. ಖಿನ್ನತೆ ಯಾವ ಔಷಧಿಗೂ ಕಾಯದಷ್ಟು ಕಾಡಿದರೆ, ಬದುಕೇ ಬೇಡವೆಂಬ ಮಾತು ಮನೆಯಲ್ಲಿ ಕೇಳಿಬಂದರೆ, ಹಗಲಿರಲಿ ರಾತ್ರಿಯಿರಲಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು; ಕನ್ನಡದಲ್ಲೇ ಮಾತನಾಡಬಹುದು. ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.