ರಕ್ತದಲ್ಲಿ ಬಂದದ್ದೆಷ್ಟು, ಪಕ್ಕದಲ್ಲಿ ಕೂತು ಕಲಿತದ್ದೆಷ್ಟು?

ವೈಟ್‌ಫೀಲ್ಡ್‌ನಲ್ಲಿ ನಮಗೆ ಬೇಕಾದವರ ಮನೆಯೊಂದಿದೆ. ಒಂಬತ್ತನೇ ಮಹಡಿ. ಯಜಮಾನರು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಎಂಜಿನಿಯರ್. ಅವರ ತಂದೆ ಎಂಬತ್ತು ದಾಟಿದ ಹಿರಿಯರು, ಮದ್ದೂರು ಸೀಮೆಯ ಶಾನುಭೋಗರ ಮನೆತನದವರು. ನನಗೂ ಅವರಿಗೂ ಹರಟೆಯ ಸ್ನೇಹ. ಮೊಮ್ಮಗಳು ಎರಡನೇ ಪಿಯುಸಿ ಓದುತ್ತಿದ್ದಾಳೆ.

ಇತ್ತೀಚೆಗೆ ಒಂದು ಭಾನುವಾರ ನಾನು ಹೋದಾಗ ಮನೆಯ ಹವೆ ತುಸು ಬಿಸಿಯಾಗಿತ್ತು. ಗಣಿತದ ಟೆಸ್ಟಿನಲ್ಲಿ ಹುಡುಗಿಗೆ ನೂರಕ್ಕೆ ನಲವತ್ತೊಂದು ಬಂದಿತ್ತು. ತಂದೆ ಬೈಯುತ್ತಿರಲಿಲ್ಲ, ಬೈದಿದ್ದರೇ ವಾಸಿಯಿತ್ತು. ನೊಂದ ದನಿಯಲ್ಲಿ, “ನಮ್ಮ ಮನೆತನದಲ್ಲಿ ಲೆಕ್ಕ ಅನ್ನೋದು ರಕ್ತದಲ್ಲೇ ಬಂದಿದೆ. ಮುತ್ತಾತನ ಕಾಲದಿಂದ ಒಬ್ಬರೂ ಲೆಕ್ಕದಲ್ಲಿ ಹಿಂದೆ ಬಿದ್ದವರಿಲ್ಲ. ನಿನಗೆ ಮಾತ್ರ ಯಾಕಮ್ಮ ಹೀಗೆ?” ಎಂದು ಕೇಳುತ್ತಿದ್ದರು. ಹುಡುಗಿ ಉತ್ತರ ಕೊಡದೆ ಟಿ.ವಿ.ಯತ್ತ ಕೈ ತೋರಿಸಿದಳು. ಪರದೆಯ ಮೇಲೆ ಅರ್ಧಕ್ಕೆ ನಿಲ್ಲಿಸಿದ್ದ ವಿಡಿಯೊ ಗೇಮ್ ಒಂದಿತ್ತು, ಅದರಲ್ಲೊಬ್ಬ ರಾಜಕುಮಾರಿ. “ಇವಳಿಗೂ ಇವರಪ್ಪ ಇದನ್ನೇ ಹೇಳೋದು” ಎಂದಳು.

ಅಪ್ಪನಿಗೆ ಅಷ್ಟರಲ್ಲಿ ಫೋನ್ ಬಂತು, ಒಳಗೆ ಹೋದರು. ನಾನು ಹುಡುಗಿಯ ಪಕ್ಕ ಕೂತು ಆ ಕಥೆಯನ್ನು ಹೇಳಿಸಿಕೊಂಡೆ.

ಆಟದ ಹೆಸರು ‘ದಿ ಲೆಜೆಂಡ್ ಆಫ್ ಝೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’. ಜಪಾನಿನ ನಿಂಟೆಂಡೊ ಕಂಪನಿ 2017ರಲ್ಲಿ ಹೊರತಂದದ್ದು. ಹೈರೂಲ್ ಎಂಬುದು ಅಲ್ಲಿನ ರಾಜ್ಯ. ಹಿಂದೆ ಒಬ್ಬ ದೇವತೆ ತನ್ನ ದೈವತ್ವವನ್ನು ಬಿಟ್ಟುಕೊಟ್ಟು ಮನುಷ್ಯಳಾಗಿ ಹುಟ್ಟಿದಳಂತೆ. ಆ ಕಥೆ ಇದೇ ಮಾಲೆಯ 2011ರ ಇನ್ನೊಂದು ಆಟದಲ್ಲಿದೆ. ಹೈರೂಲಿನ ರಾಜಮನೆತನ ಅವಳ ವಂಶ. ಆದ್ದರಿಂದ ಆ ಮನೆಯ ಹೆಣ್ಣುಮಕ್ಕಳಲ್ಲಿ ಕೇಡನ್ನು ಕಟ್ಟಿಹಾಕುವ ಶಕ್ತಿ ಇಳಿದು ಬರುತ್ತದೆ ಎಂಬುದು ನಂಬಿಕೆ. ಈ ರಾಜಕುಮಾರಿ ಝೆಲ್ಡಾಳ ಅಜ್ಜಿಗೆ ಅದು ಇತ್ತು, ಅಮ್ಮನಿಗೂ ಇತ್ತು. ಇವಳಿಗೆ ಮಾತ್ರ ಬರುತ್ತಿಲ್ಲ. ಹೇಳಿಕೊಡಬೇಕಾಗಿದ್ದ ತಾಯಿ, ಮಗಳಿಗೆ ಆರು ವರ್ಷವಿದ್ದಾಗಲೇ ತೀರಿಕೊಂಡಿದ್ದಾಳೆ. ಹುಡುಗಿ ಕೊರೆಯುವ ನೀರಿನಲ್ಲಿ ಗಂಟೆಗಟ್ಟಲೆ ನಿಂತು ಪ್ರಾರ್ಥಿಸುತ್ತಾಳೆ. ಏನೂ ಆಗುವುದಿಲ್ಲ. ಅವಳಿಗೆ ನಿಜವಾಗಿ ಆಸೆಯಿರುವುದು ನೆಲದಿಂದ ಅಗೆದು ತೆಗೆದ ಪುರಾತನ ಯಂತ್ರಗಳ ಅಧ್ಯಯನದಲ್ಲಿ. ತಂದೆಯಾದ ದೊರೆ ಅದನ್ನು ಮಕ್ಕಳಾಟವೆಂದು ನಿಲ್ಲಿಸಿಬಿಡುತ್ತಾನೆ.

“ರಕ್ತ ಇದೆ ಅಂದಮೇಲೆ ಶಕ್ತಿ ಯಾಕೆ ಬರಲ್ಲ ಅಂಕಲ್? ರಕ್ತ ಸುಳ್ಳೋ, ಅವಳು ಸುಳ್ಳೋ?”

ಹದಿನೇಳರ ಹುಡುಗಿ ಹೀಗೆ ಕೇಳಿದಾಗ ಅವಳು ಕೇಳುತ್ತಿರುವುದು ಆಟದ ವಿಷಯವಲ್ಲ ಎಂದು ತಿಳಿಯಲು ದೊಡ್ಡ ಬುದ್ಧಿಯೇನೂ ಬೇಡ. ನಾನು ಇತಿಹಾಸ ಓದಿಕೊಂಡವನು. ನನಗೆ ತಿಳಿದ ದಾರಿಯಲ್ಲೇ ಉತ್ತರ ಹುಡುಕಿದೆ.

ದೇವರ ವಂಶದ ದೊರೆಗಳು ನಮಗೇನೂ ಹೊಸಬರಲ್ಲ. ಗಂಗರು ತಮ್ಮನ್ನು ಇಕ್ಷ್ವಾಕು ವಂಶದವರೆಂದರು. ಹೊಯ್ಸಳರು ಯದುವಂಶದವರೆಂದರು. ಮೈಸೂರಿನ ಒಡೆಯರ ಮೂಲಪುರುಷ ಯದುರಾಯ ದ್ವಾರಕೆಯಿಂದ ಬಂದು 1399ರಲ್ಲಿ ರಾಜ್ಯ ಕಟ್ಟಿದನೆಂದು ಐತಿಹ್ಯ. ಅಲ್ಲಿಗೆ ಅವರದೂ ಶ್ರೀಕೃಷ್ಣನ ಕುಲ. ಆದರೆ ಇಂಥ ಕಥೆಗಳು ಹೇಗೆ ಬೆಳೆಯುತ್ತವೆಂದು ನೋಡಬೇಕಾದರೆ ಕದಂಬರ ಕಡೆ ತಿರುಗಬೇಕು.

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಒಂದು ಕಲ್ಲಿನ ಕಂಬವಿದೆ. ಅದರ ಮೇಲಿನ ಶಾಸನ ಐದನೇ ಶತಮಾನದ್ದು. ಕದಂಬರ ಮೊದಲ ದೊರೆ ಮಯೂರಶರ್ಮನ ಕಥೆ ಅದರಲ್ಲಿದೆ. ಅವನು ವೇದ ಓದುವ ಮನೆಯ ಹುಡುಗ. ಮನೆಯ ಬಳಿ ಬೆಳೆದ ಒಂದು ಕದಂಬ ಮರವನ್ನು ಅವರು ನೋಡಿಕೊಳ್ಳುತ್ತಿದ್ದುದರಿಂದ ಮನೆತನಕ್ಕೆ ಆ ಹೆಸರು. ಹುಡುಗ ಹೆಚ್ಚಿನ ಓದಿಗೆಂದು ಗುರು ವೀರಶರ್ಮನ ಜೊತೆ ಕಂಚಿಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಯಿತು. ಅವಮಾನವಾಯಿತು. ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ. ರಾಜ್ಯ ಕಟ್ಟಿದ. ಆ ಶಾಸನದಲ್ಲೂ ಷಣ್ಮುಖ ದೇವರು ಬಂದು ಹರಸುತ್ತಾನೆ. ಆದರೆ ಹರಸುವುದಷ್ಟೇ, ಹುಟ್ಟಿಸುವುದಿಲ್ಲ.

ಈಗ ಆರೇಳು ನೂರು ವರ್ಷ ದಾಟಿ ಬನ್ನಿ. ಹಾನಗಲ್ಲು, ಗೋವೆಗಳಲ್ಲಿ ಆಳಿದ ಕದಂಬರ ಶಾಸನಗಳು ಬೇರೆಯೇ ಕಥೆ ಹೇಳುತ್ತವೆ. ಶಿವನ ಹಣೆಯಿಂದ ಬೆವರಿನ ಹನಿಯೊಂದು ಕದಂಬ ಮರದ ಬುಡಕ್ಕೆ ಬಿತ್ತಂತೆ. ಅದರಿಂದ ಮೂರು ಕಣ್ಣು, ನಾಲ್ಕು ಕೈಗಳ ಮೂಲಪುರುಷ ಎದ್ದುಬಂದನಂತೆ. ಮರ ಅದೇ. ಓದಲು ಊರು ಬಿಟ್ಟುಹೋದ ಹುಡುಗ ಮಾತ್ರ ಕಾಣೆಯಾಗಿದ್ದಾನೆ! ಗೆದ್ದವನ ಕಾಲಕ್ಕೆ ಅವನ ಓದು, ಸಿಟ್ಟು, ಸಾಹಸ ಎಲ್ಲರಿಗೂ ನೆನಪಿತ್ತು. ಬಹಳ ತಲೆಮಾರು ಕಳೆದ ಮೇಲೆ, ಗದ್ದುಗೆಯಲ್ಲಿ ಕೂತವರಿಗೆ ‘ನಾವೇ ಏಕೆ?’ ಎಂಬ ಪ್ರಶ್ನೆಗೆ ಉತ್ತರ ಬೇಕಾಯಿತು. ಆಗ ರಕ್ತ ದೇವರದಾಯಿತು.

ಅಷ್ಟು ದೂರ ಏಕೆ, ಎಲೆಕ್ಟ್ರಾನಿಕ್ ಸಿಟಿಯ ದಾರಿಯಿಂದ ಸ್ವಲ್ಪ ಒಳಕ್ಕಿರುವ ಬೇಗೂರನ್ನೇ ತೆಗೆದುಕೊಳ್ಳಿ. ಅಲ್ಲಿ ಸಿಕ್ಕಿದ ಗಂಗರ ಕಾಲದ ವೀರಗಲ್ಲೊಂದು, ಸಾವಿರದ ನೂರು ವರ್ಷಗಳಷ್ಟು ಹಿಂದಿನದು, ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಾಗತ್ತರನೆಂಬ ನಾಯಕ ಯುದ್ಧದಲ್ಲಿ ಮಡಿದ ಸುದ್ದಿ ಕೇಳಿ ದೊರೆ ಎರೆಯಪ್ಪ, ಇರುಗನೆಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು ಮೊದಲಾದ ಹನ್ನೆರಡು ಊರು ಕೊಟ್ಟನೆಂದು ಅದರಲ್ಲಿದೆ. ಬೆಂಪೂರೇ ಇಂದಿನ ಬೇಗೂರು. ಮೇಲೆ ದೊರೆಗಳು ಸೂರ್ಯವಂಶದ ಮಾತಾಡುತ್ತಿದ್ದರೂ ಕೆಳಗೆ ನಾಡು ನಡೆಯುತ್ತಿದ್ದುದು ಕಾದುವ ಕೈಗಳಿಂದ, ಕಟ್ಟಿದ ಪಟ್ಟದಿಂದ.

ಇನ್ನು ನಾವು ಕೂತು ಮಾತಾಡುತ್ತಿದ್ದ ವೈಟ್‌ಫೀಲ್ಡ್‌ನ ಕಥೆ. ಇದನ್ನು ಕೇಳಿದಾಗ ಹುಡುಗಿ ಕೈಯಲ್ಲಿದ್ದ ರಿಮೋಟಿನಂಥದ್ದನ್ನು ಕೆಳಗಿಟ್ಟಳು.

ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಕ್ಕೆ ಬರಬಲ್ಲ ಮಗನಿರಲಿಲ್ಲ. ಮೈಸೂರು ದೊರೆಗಳಿಗೆ ಮಕ್ಕಳಾಗದಿರಲೆಂದು ಅಲಮೇಲಮ್ಮ ಶಪಿಸಿದ್ದಳೆಂಬ ತಲಕಾಡಿನ ಕಥೆ ನಮ್ಮ ಸೀಮೆಯ ಮಕ್ಕಳಿಗೂ ಗೊತ್ತು. ರಾಜ್ಯದ ಆಡಳಿತವನ್ನಂತೂ ಬ್ರಿಟಿಷರು 1831ರಲ್ಲೇ ತಮ್ಮ ಕೈಗೆ ತೆಗೆದುಕೊಂಡಿದ್ದರು. ಅರಸರು 1865ರಲ್ಲಿ, ನಂಟಿನ ಬೆಟ್ಟದಕೋಟೆ ಅರಸು ಮನೆತನದ ಎರಡು ವರ್ಷದ ಮಗುವನ್ನು ದತ್ತು ತೆಗೆದುಕೊಂಡರು. ಶಾಸ್ತ್ರ ಒಪ್ಪಿತು, ಸರ್ಕಾರ ಒಪ್ಪಲಿಲ್ಲ. ವಾದ ಲಂಡನ್‌ವರೆಗೆ ಹೋಯಿತು. ದತ್ತು ಮಗನೇ ಮುಂದಿನ ದೊರೆಯೆಂದು ಅಲ್ಲಿಂದ ಒಪ್ಪಿಗೆ ಬಂದದ್ದು 1867ರಲ್ಲಿ. ಮರುವರ್ಷ ಮಾರ್ಚ್‌ನಲ್ಲಿ ಅರಸರು ತೀರಿಕೊಂಡರು. ಐದು ವರ್ಷದ ಚಾಮರಾಜೇಂದ್ರರು ಸಿಂಹಾಸನವೇರಿದರು.

ಏರಿದ್ದು ಸಿಂಹಾಸನ, ಅಧಿಕಾರವಲ್ಲ. ಮೊದಲು ಓದಬೇಕಿತ್ತು. ಮ್ಯಾಲಿಸನ್ ಎಂಬ ಸೇನಾಧಿಕಾರಿಯನ್ನು 1869ರಲ್ಲಿ ಪಾಲಕನಾಗಿ ನೇಮಿಸಿದರು. ಪಾಠ ಶುರುವಾಯಿತು. ಹದಿನೆಂಟು ತುಂಬಿದ ಮೇಲೆ, 1881ರ ಮಾರ್ಚ್ 25ರಂದು, ರಾಜ್ಯವನ್ನು ಷರತ್ತುಗಳ ಕಾಗದದ ಸಮೇತ ಅವರಿಗೆ ಒಪ್ಪಿಸಿದರು. ಅದೇ ವರ್ಷ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆ ಸೇರಿತು. ರಕ್ತವೊಂದೇ ಸಾಲದು, ಕಾಗದ ಬೇಕು. ಕಾಗದವೂ ಸಾಲದು, ಕಲಿಕೆ ಬೇಕು. ಮೈಸೂರಿನ ಪಟ್ಟದ ಕಥೆಯಲ್ಲಿ ನನಗೆ ಕಾಣುವುದು ಇಷ್ಟು.

ಮರುವರ್ಷ 1882ರಲ್ಲಿ ಇದೇ ಚಾಮರಾಜೇಂದ್ರರು ಕೊಟ್ಟ ಸುಮಾರು 3,900 ಎಕರೆ ನೆಲದಲ್ಲಿ ಹುಟ್ಟಿದ ಊರು ವೈಟ್‌ಫೀಲ್ಡ್. ಪಡೆದದ್ದು ಯುರೇಷಿಯನ್ ಮತ್ತು ಆಂಗ್ಲೊ ಇಂಡಿಯನ್ನರ ಸಂಘ. ಅದರ ಮುಂದಾಳು ಡಿ.ಎಸ್. ವೈಟ್ ಅವರ ಹೆಸರೇ ಊರಿನ ಹೆಸರು. ತಂದೆ ಒಂದು ಕಡೆಯವನು, ತಾಯಿ ಇನ್ನೊಂದು ಕಡೆಯವಳು ಎಂಬ ಕಾರಣಕ್ಕೆ ಬ್ರಿಟಿಷರಿಗೂ ಪೂರ್ತಿ ಬೇಡವಾದ, ನಮ್ಮವರಿಗೂ ಪೂರ್ತಿ ಬೇಡವಾದ ಜನ ಅವರು. ದತ್ತು ಬಂದು ದೊರೆಯಾದವರು, ಬೆರೆತ ರಕ್ತದವರೆಂದು ದೂರವಿಟ್ಟ ಜನಕ್ಕೆ ಬೇಸಾಯ ಮಾಡಿ ಬದುಕಲು ಕೊಟ್ಟ ನೆಲವಿದು. ಇಂದಿಗೂ ಅಲ್ಲಿನ ಇನ್ನರ್ ಸರ್ಕಲ್ ಸುತ್ತ ನಡೆದರೆ ಆ ಹಳೆಯ ಊರಿನ ಗುರುತು ಸಿಗುತ್ತದೆ. ಅದರಾಚೆ ಇಂದು ಸಾವಿರಾರು ಮನೆಗಳು. ಪ್ರತಿ ಮನೆಯಲ್ಲೂ ಮಕ್ಕಳ ಮುಂದೆ ಅವರವರ ವಂಶದ ಕಥೆ.

ಅಲ್ಲಿಯವರೆಗೆ ಸುಮ್ಮನಿದ್ದ ತಾತ ಈಗ ಬಾಯಿ ತೆರೆದರು. “ಮೇಷ್ಟ್ರೇ, ನಮ್ಮನೆ ಲೆಕ್ಕದ ಕಥೆಯನ್ನೂ ಹೇಳಿಬಿಡ್ತೀನಿ. ನಮ್ಮಪ್ಪ ಶಾನುಭೋಗ. ಅವರಪ್ಪನೂ ಶಾನುಭೋಗ. ಅವರು ಲೆಕ್ಕದಲ್ಲಿ ಹುಷಾರು ಅಂತ ಯಾರೂ ಪರೀಕ್ಷೆ ಮಾಡಿ ಕೆಲಸ ಕೊಟ್ಟಿದ್ದಲ್ಲ. ಅಪ್ಪನ ಕೆಲಸ ಮಗನಿಗೆ, ಅಷ್ಟೆ. ನಾನು ಏಳೆಂಟು ವರ್ಷದವನಿದ್ದಾಗಿಂದ ಸಂಜೆ ಅಪ್ಪನ ಪಕ್ಕ ಲಾಂದ್ರದ ಮುಂದೆ ಕೂತು ಪಹಣಿ ನಕಲು ಮಾಡಬೇಕಿತ್ತು. ತಪ್ಪಿದರೆ ತಲೆ ಮೇಲೊಂದು ಬೀಳೋದು. ರಕ್ತವೂ ಇಲ್ಲ, ಪಿಕ್ತವೂ ಇಲ್ಲ.”

ಅವರ ಮಾತು ಸರಿ. ಊರಿನ ಪಟೇಲಿಕೆ, ಶಾನುಭೋಗಿಕೆಗಳು ನಮ್ಮಲ್ಲಿ ವಂಶಪಾರಂಪರ್ಯವಾಗಿ ಬರುತ್ತಿದ್ದವು. ಅವನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಆಯಿತು. ಹುದ್ದೆ ಹೋಯಿತು, ‘ಲೆಕ್ಕ ನಮ್ಮ ರಕ್ತದಲ್ಲಿದೆ’ ಎಂಬ ಮಾತು ಉಳಿದುಕೊಂಡಿತು. ಕದಂಬರ ಮರದ ಕೆಳಗೆ ಬಿದ್ದ ಹನಿಯ ಹಾಗೆ! ಲಾಂದ್ರದ ಮುಂದೆ ಕೂತಿದ್ದ ಹುಡುಗ ಆ ಮಾತಿನಲ್ಲಿ ಕಾಣೆಯಾಗಿದ್ದಾನೆ.

ಹಾಗಾದರೆ ಹೆತ್ತವರಿಂದ ಮಕ್ಕಳಿಗೆ ಏನೂ ಬರುವುದಿಲ್ಲವೇ? ಬರುತ್ತದೆ. ಮೂಗು ಬರುತ್ತದೆ, ಬಣ್ಣ ಬರುತ್ತದೆ, ಸಕ್ಕರೆ ಕಾಯಿಲೆಯ ಒಲವೂ ಬರುತ್ತದೆ. ಆದರೆ ಟ್ರಿಗೊನಾಮೆಟ್ರಿ ಹಾಗೆ ಬರುವುದಿಲ್ಲ. ವಿಡಿಯೊ ಗೇಮಿನಲ್ಲಿ ಬೇಕಾದರೆ ಬಂದೀತು. ‘ಫೈರ್ ಎಂಬ್ಲೆಮ್’ ಮಾಲೆಯ 1996ರ ಜಪಾನೀ ಆಟವೊಂದರಲ್ಲಿ ಹನ್ನೆರಡು ವೀರರ ಪವಿತ್ರ ರಕ್ತದ ಕಥೆಯಿದೆ. ಯಾರಲ್ಲಿ ಆ ರಕ್ತ ಗಾಢವಾಗಿದೆಯೋ ಅವರಷ್ಟೇ ಆ ವೀರನ ಆಯುಧವನ್ನು ಹಿಡಿಯಬಲ್ಲರು. ಆಡುವವರು ಯಾರಿಗೆ ಯಾರನ್ನು ಜೋಡಿ ಮಾಡುತ್ತಾರೆಂಬುದರ ಮೇಲೆ ಮುಂದಿನ ತಲೆಮಾರಿನ ಬಲ ನಿಲ್ಲುತ್ತದೆ. ಪ್ರೋಗ್ರಾಂ ಬರೆದವರು ಹಾಗೆಂದು ಅಂಕಿ ಕೊಟ್ಟಿದ್ದಾರೆ, ಅದು ಹಾಗೆ ನಡೆಯುತ್ತದೆ. ನಮ್ಮ ಮಕ್ಕಳಿಗೆ ಅಂಥ ಪ್ರೋಗ್ರಾಂ ಬರೆದವರು ಯಾರೂ ಇಲ್ಲ. ಇದ್ದಾರೆಂದು ನಾವು ನಟಿಸುತ್ತೇವೆ. ಅಂಕ ಕಡಿಮೆ ಬಂದಾಗ ಮಗು ‘ನಾನು ಈ ಮನೆಗೆ ಸೇರಿದವಳೇ ಅಲ್ಲವೇನೋ’ ಎಂದುಕೊಳ್ಳುತ್ತದೆ. ಇದು ಸಣ್ಣ ಗಾಯವಲ್ಲ.

ತಾತ ಒಳಗಿನಿಂದ ಒಂದು ನೋಟ್‌ಬುಕ್ ತಂದು ನನ್ನ ಕೈಗಿಟ್ಟರು. ಮೊಮ್ಮಗಳದು. ವರ್ತೂರು ಕೆರೆಯ ದಂಡೆಯಲ್ಲಿ ಕಂಡ ಹಕ್ಕಿಗಳ ಪಟ್ಟಿ. ಎರಡು ವರ್ಷದ್ದು. ಪ್ರತಿ ಪುಟದಲ್ಲೂ ಸ್ಕೇಲ್ ಹಿಡಿದು ಗೆರೆ ಎಳೆದ ಕಲಮುಗಳು: ತಾರೀಖು, ಹೊತ್ತು, ಜಾಗ, ಹಕ್ಕಿ, ಎಷ್ಟು, ಷರಾ. ಪುಟದ ಕೊನೆಗೆ ಮೊತ್ತ. “ಗೆರೆ ಹೀಗೆ ಹಾಕು ಅಂತ ಹೇಳಿಕೊಟ್ಟವನು ನಾನು” ಎಂದರು ತಾತ, ಸ್ವಲ್ಪ ನಾಚಿಕೊಂಡೇ. ಶಾನುಭೋಗರ ಪಹಣಿ ಒಂಬತ್ತನೇ ಮಹಡಿಯಲ್ಲಿ ಹೀಗೆ ಮುಂದುವರಿದಿತ್ತು. ಅಪ್ಪ ಅದನ್ನು ನೋಡಿರಲಿಲ್ಲ.

ಗಣಿತದ ನಲವತ್ತೊಂದು ಇದರಿಂದ ಎಂಬತ್ತಾಗುವುದಿಲ್ಲ, ನಿಜ. ಅದಕ್ಕೆ ಯಾರಾದರೂ ದಿನಾ ಅರ್ಧ ಗಂಟೆ ಪಕ್ಕದಲ್ಲಿ ಕೂರಬೇಕು. ಎಲೆಕ್ಟ್ರಾನಿಕ್ ಸಿಟಿಯಿಂದ ರಾತ್ರಿ ಎಂಟೂವರೆಗೆ ಮನೆ ಸೇರುವ ತಂದೆಗೆ ಅದು ಸುಲಭವಲ್ಲವೆಂದೂ ನನಗೆ ಗೊತ್ತು. ಆದರೂ ಕೂರುವ ಕೆಲಸವನ್ನು ರಕ್ತಕ್ಕೆ ವಹಿಸಿಬಿಡಲು ಬರುವುದಿಲ್ಲ.

ಆಟದ ರಾಜಕುಮಾರಿಯ ಶಕ್ತಿ ಕೊನೆಗೆ ಎಚ್ಚರವಾಗುತ್ತದೆ. ಪ್ರಾರ್ಥನೆಯಿಂದಲ್ಲ, ತಂದೆಯ ಆಜ್ಞೆಯಿಂದಲೂ ಅಲ್ಲ. ತನ್ನ ಕಾವಲಿನ ಯೋಧ ಗಾಯಗೊಂಡು ಬಿದ್ದಾಗ ಅವನಿಗೆ ಅಡ್ಡ ನಿಂತ ಗಳಿಗೆಯಲ್ಲಿ. ಅಷ್ಟರಲ್ಲಿ ಅರಮನೆ ಬಿದ್ದಿರುತ್ತದೆ, ತಂದೆ ಸತ್ತಿರುತ್ತಾನೆ. ನೂರು ವರ್ಷದ ನಂತರ ಆಟಗಾರರು ಆ ಪಾಳು ಅರಮನೆಯ ಕೋಣೆಯೊಂದರಲ್ಲಿ ದೊರೆಯ ದಿನಚರಿಯನ್ನು ಕಂಡುಹಿಡಿಯಬಹುದು. ಮಗಳು ಬೆಟ್ಟದ ಬುಗ್ಗೆಯಿಂದ ಮರಳಿದ ಮೇಲೆ ದೊರೆಯಾಗಿ ಅಲ್ಲ, ತಂದೆಯಾಗಿ ಮಾತಾಡಬೇಕು, ಅವಳ ಯಂತ್ರಗಳ ಅಧ್ಯಯನವನ್ನು ಮುಂದುವರಿಸಲು ಹೇಳಬೇಕು ಎಂದು ಅವನು ಅದರಲ್ಲಿ ಬರೆದಿಟ್ಟಿದ್ದಾನೆ. ಅವಳು ಬೆಟ್ಟದಿಂದ ಇಳಿದ ದಿನವೇ ಕೇಡು ಎರಗಿತು. ಮಾತು ಪುಸ್ತಕದಲ್ಲೇ ಉಳಿಯಿತು.

ಫೋನ್ ಮುಗಿಸಿ ಬಂದ ತಂದೆಗೆ ಮಗಳೇ ಆ ದಿನಚರಿಯ ಕಥೆ ಹೇಳಿದಳು. ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಹಕ್ಕಿಯ ಪುಸ್ತಕವನ್ನು ತೆಗೆದುಕೊಂಡು ಮೊದಲ ಪುಟದಿಂದ ನೋಡತೊಡಗಿದರು. ನಾನು ಕಾಫಿ ಮುಗಿಸಿ ಎದ್ದೆ.

ಇದನ್ನು ಓದುತ್ತಿರುವ ತಂದೆತಾಯಿಗಳೇ, ನಿಮ್ಮ ಮನಸ್ಸಿನ ದಿನಚರಿಯಲ್ಲೂ ಮಕ್ಕಳಿಗೆ ಹೇಳಬೇಕೆಂದು ಬರೆದಿಟ್ಟ ಇಂಥ ಮಾತೊಂದಿದ್ದರೆ, ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ. ಇವತ್ತು ರಾತ್ರಿ ಊಟಕ್ಕೆ ಕೂತಾಗಲೇ ಹೇಳಿಬಿಡಿ.